ನಟನ ಇಂಗ್ಲಿಷ್ ಯಾವೂರಿನದು? ಎರಡು ಧ್ವನಿ ಭಂಡಾರಗಳ ವಿಮರ್ಶೆ

ಇಂಗ್ಲಿಷ್ ಸಿನಿಮಾದ ನಟನೊಬ್ಬ ಒಂದು ದೃಶ್ಯದಲ್ಲಿ ಐರಿಷ್, ಮುಂದಿನದರಲ್ಲಿ ಅಮೆರಿಕನ್ ಅನ್ನಿಸಿ ತಲೆ ತಿನ್ನುತ್ತಿದ್ದರೆ, ಕೇಳಿ ಹೋಲಿಸಲು ಎರಡು ಉಚಿತ ಜಾಲತಾಣಗಳಿವೆ. ಒಂದು ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಸ್ಪೀಚ್ ಆಕ್ಸೆಂಟ್ ಆರ್ಕೈವ್. ಇನ್ನೊಂದು ರಂಗಭೂಮಿ, ಸಿನಿಮಾ ನಟರನ್ನು ಗಮನದಲ್ಲಿಟ್ಟು 1998ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಡಯಲೆಕ್ಟ್ಸ್ ಆಫ್ ಇಂಗ್ಲಿಷ್ ಆರ್ಕೈವ್, ಎಲ್ಲರ ಬಾಯಲ್ಲಿ ‘ಐಡಿಯಾ’. ಎರಡೂ ಬೇಕು. ಒಂದನ್ನೇ ಆರಿಸಿ ಎಂದರೆ ಐಡಿಯಾ.

ಮೊದಲನೆಯದರಲ್ಲಿ ಎಲ್ಲರೂ ಓದುವುದು ‘ಪ್ಲೀಸ್ ಕಾಲ್ ಸ್ಟೆಲ್ಲಾ’ ಎಂದು ಶುರುವಾಗುವ 69 ಪದಗಳ ಒಂದೇ ತುಣುಕು. ಧ್ವನಿಮುದ್ರಿಕೆಗಳು ಎರಡು ಸಾವಿರಕ್ಕೂ ಹೆಚ್ಚು. ಓದಿದವರ ಹುಟ್ಟೂರು, ಮಾತೃಭಾಷೆ, ಇಂಗ್ಲಿಷ್ ಕಲಿತ ವಯಸ್ಸು ಎಲ್ಲ ಪಕ್ಕದಲ್ಲೇ ಇರುತ್ತದೆ. ಪಾತ್ರ ರಷ್ಯನ್ನನೋ ಕೊರಿಯನ್ನನೋ ಆಗಿದ್ದು ಅವನ ಇಂಗ್ಲಿಷ್ ನಿಜಕ್ಕೆ ಎಷ್ಟು ಹತ್ತಿರ ಎಂದು ನೋಡಬೇಕಿದ್ದರೆ ಇದಕ್ಕೆ ಸಾಟಿಯಿಲ್ಲ.

ಆದರೆ ಆ 69 ಪದಗಳಲ್ಲಿ ‘ಹೌಸ್’, ‘ಮೌತ್’, ‘ಔಟ್’ಗಳ ಸ್ವರ ಒಂದು ಕಡೆಯೂ ಇಲ್ಲ. ಕೆನಡಾದವರನ್ನು ಅಮೆರಿಕದವರಿಂದ ಬೇರ್ಪಡಿಸುವ ಮುಖ್ಯ ಸುಳಿವೇ ಅದು. ಉತ್ತರ ಐರ್ಲೆಂಡಿನವರೂ ಆ ಸ್ವರದಲ್ಲೇ ಸಿಕ್ಕಿಬೀಳುತ್ತಾರೆ. ಐಡಿಯಾದ ಓದುಪಾಠ ಈ ವಿಷಯದಲ್ಲಿ ಜಾಣತನದ್ದು. ಕಾಮಾ ಎಂಬ ಹೆಬ್ಬಾತಿಗೆ ಕಾಲುಬಾಯಿ ರೋಗ, ಅಂದರೆ ಇಂಗ್ಲಿಷಿನ ‘ಫುಟ್ ಅಂಡ್ ಮೌತ್ ಡಿಸೀಸ್’, ಬಂತು ಎಂಬ ವಿಚಿತ್ರ ಕಥೆ ಅದು. ‘ಫುಟ್’, ‘ಮೌತ್’ ಎರಡೂ ಸ್ವರ ಒಂದೇ ಏಟಿಗೆ ಸಿಗುತ್ತವೆ! ಓದಿದ ಮೇಲೆ ಅದೇ ವ್ಯಕ್ತಿ ತನಗೆ ತೋಚಿದಂತೆ ಆಡಿದ ಮಾತೂ ಇರುತ್ತದೆ. ಓದುವಾಗ ಜನ ನಾಲಿಗೆಯನ್ನು ಹದ್ದುಬಸ್ತಿನಲ್ಲಿ ಇಡುತ್ತಾರೆ. ಸಂಭಾಷಣೆಗೆ ಹೋಲಿಸಲು ಬೇಕಾದದ್ದು ಈ ಎರಡನೇ ಭಾಗ.

ಹುಡುಕುವ ಕ್ರಮ ಹೀಗಿರಲಿ. ಸಿನಿಮಾದ ಸಬ್‌ಟೈಟಲ್ ಫೈಲನ್ನು ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ‘ಆಸ್ಕ್’, ‘ಕಾರ್’, ‘ಸಿಕ್ಸ್’, ‘ಗೋ’, ‘ಔಟ್’, ‘ವಾಟರ್’ ಪದಗಳು ಬರುವ ಸಮಯ ಗುರುತು ಹಾಕಿಕೊಳ್ಳಿ. ಪ್ರತಿ ಪದಕ್ಕೂ ಮೂರು ನಾಲ್ಕು ಉದಾಹರಣೆ ಬೇಕು. ಪ್ಲೇಯರ್ ವೇಗ 0.75ಕ್ಕೆ ಇಳಿಸಿ ಕೇಳಿ. ಮೊದಲು ‘ಕಾರ್’ನ ಕೊನೆಯ ‘ರ್’. ಅದು ಕೇಳಿಸಿದರೆ ಅಮೆರಿಕ, ಕೆನಡಾ, ಐರ್ಲೆಂಡ್, ಸ್ಕಾಟ್ಲೆಂಡ್ ಅಥವಾ ಇಂಗ್ಲೆಂಡಿನ ನೈಋತ್ಯ ಮೂಲೆ ಇರಬಹುದು. ಕೇಳಿಸದಿದ್ದರೆ ಇಂಗ್ಲೆಂಡಿನ ಬಹುಪಾಲು, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಇಂಗ್ಲೆಂಡ್ ಅನ್ನಿಸಿದರೆ ‘ಆಸ್ಕ್’ ನೋಡಿ: ದಕ್ಷಿಣದಲ್ಲಿ ದೀರ್ಘ ‘ಆ’, ಉತ್ತರದಲ್ಲಿ ‘ಕ್ಯಾಟ್’ನ ಹ್ರಸ್ವ ಸ್ವರ. ಆಸ್ಟ್ರೇಲಿಯಾವೋ ನ್ಯೂಜಿಲೆಂಡೋ ಎಂಬ ಜಗಳ ‘ಸಿಕ್ಸ್’ನಲ್ಲಿ ಮುಗಿಯುತ್ತದೆ. ನ್ಯೂಜಿಲೆಂಡಿನವರ ಬಾಯಲ್ಲಿ ಅದು ‘ಸಕ್ಸ್’ನತ್ತ ಜಾರುತ್ತದೆ, ಆಸ್ಟ್ರೇಲಿಯಾದವರಲ್ಲಿ ‘ಸೀಕ್ಸ್’ನತ್ತ.

ಕನ್ನಡದ ಕಿವಿಗೆ ಒಂದು ಎಚ್ಚರಿಕೆ. ನಮ್ಮ ‘ಏ’, ‘ಓ’ ಶುದ್ಧ ಸ್ವರಗಳು. ಹಾಗಾಗಿ ‘ಗೋ’, ‘ಟ್ರೇನ್’ ಪದಗಳಲ್ಲಿ ಸ್ವರ ಜಾರುತ್ತದೆಯೋ ನಿಂತಲ್ಲೇ ನಿಲ್ಲುತ್ತದೆಯೋ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಸ್ಕಾಟ್ಲೆಂಡಿನವರಲ್ಲಿ ಅದು ನಮ್ಮಂತೆಯೇ ನಿಲ್ಲುತ್ತದೆ, ಲಂಡನ್ನಿನವರಲ್ಲಿ ಜಾರುತ್ತದೆ. ಆ ಎರಡು ಊರುಗಳ ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿ ಕಿವಿ ಹದ ಮಾಡಿಕೊಂಡು ಆಮೇಲೆ ಸಿನಿಮಾಕ್ಕೆ ಬನ್ನಿ.

ಎಡವುವುದು ಎಲ್ಲಿ ಎಂದರೆ, ನಟನ ಮಾತಿಗೆ ಒಂದೇ ಊರು ಇದೆ ಎಂದುಕೊಳ್ಳುವುದರಲ್ಲಿ. ಗೊಂದಲದ ಆಕ್ಸೆಂಟ್ ಬಹಳ ಸಲ ಎರಡು ಪದರದ್ದು: ಮೇಲೆ ಕಲಿತದ್ದು, ಕೆಳಗೆ ಹುಟ್ಟಿನದ್ದು. ಕೂಗಾಟ, ಅಳು, ಅವಸರದ ಸಾಲುಗಳಲ್ಲಿ ಕೆಳಗಿನದು ಇಣುಕುತ್ತದೆ. ಬ್ರಿಟಿಷ್ ಪಾತ್ರ ಮಾಡುವ ಅಮೆರಿಕನ್ ನಟ ‘ರ್’ ಬಿಡುವುದನ್ನು ಕಲಿತಿರುತ್ತಾನೆ, ಆದರೆ ‘ವಾಟರ್’ನ ‘ಟ’ ಬೆಣ್ಣೆಯಂತೆ ಕರಗಿ ‘ಡ’ ಆಗಿಬಿಡುತ್ತದೆ. ಆದ್ದರಿಂದ ಶಾಂತ ದೃಶ್ಯ ಒಂದು, ಸಿಟ್ಟಿನ ದೃಶ್ಯ ಒಂದು, ಎರಡಕ್ಕೂ ಬೇರೆ ಬೇರೆ ಪಟ್ಟಿ ಮಾಡಿ. ಎರಡೂ ಒಂದೇ ಊರು ತೋರಿಸಿದರೆ ಮಾತ್ರ ಭಂಡಾರದ ಉತ್ತರವನ್ನು ನಂಬಿ.

ಐಡಿಯಾದ ಕುಂದು: ಕೆಲವು ಪ್ರದೇಶಗಳಿಗೆ ಬೆರಳೆಣಿಕೆಯ ಮುದ್ರಿಕೆಗಳೇ ಇವೆ. ಒಬ್ಬನ ಧ್ವನಿಯನ್ನು ಇಡೀ ಜಿಲ್ಲೆಯ ಧ್ವನಿ ಎಂದುಕೊಂಡರೆ ಕೆಟ್ಟಿರಿ. ವಿವರ ಓದಿ, ಅಲ್ಲಿ ಹುಟ್ಟಿ ಬೇರೆಲ್ಲೋ ಬೆಳೆದವರೂ ಇರುತ್ತಾರೆ. ಇನ್ನು 1930–40ರ ದಶಕದ ಹಾಲಿವುಡ್ ಚಿತ್ರಗಳ ‘ಮಿಡ್-ಅಟ್ಲಾಂಟಿಕ್’ ಮಾತಿಗೆ ನಕ್ಷೆಯಲ್ಲಿ ಊರು ಹುಡುಕಬೇಡಿ. ‘ರ್’ ಬಿಟ್ಟು, ‘ಆಸ್ಕ್’ ಎಳೆದು ಆಡುವ ಆ ಧಾಟಿಯನ್ನು ನಟರು ಬಹುಮಟ್ಟಿಗೆ ತರಬೇತಿಯಲ್ಲಿ ಕಲಿತದ್ದು.