ಹೆಬ್ಬೆಟ್ಟಿಗೊಂದು ಬೀಗ: ಮೈಆಧಾರ್‌ನ ಬಯೋಮೆಟ್ರಿಕ್ ಲಾಕ್ ಬಳಸಿ ನೋಡಿದ್ದು

ನನ್ನದು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗಿರುವ ಜೆರಾಕ್ಸ್ ಅಂಗಡಿ. ದಿನವಿಡೀ ಕೈಗೆ ಬರುವುದು ಆಧಾರ್ ಕಾರ್ಡುಗಳೇ. ಮಾರುವವರದ್ದು, ಕೊಳ್ಳುವವರದ್ದು, ಸಾಕ್ಷಿಗಳದ್ದು. ಒಂದೇ ಪ್ರತಿ ಸಾಕಾದರೂ "ಇರ್ಲಿ, ಇನ್ನೆರಡು ತೆಗೀರಿ" ಅಂತಾರೆ. ಆ ಹೆಚ್ಚುವರಿ ಪ್ರತಿಗಳು ಆಮೇಲೆ ಯಾರ ಕೈ ಸೇರುತ್ತವೋ ಯಾರೂ ಕೇಳುವುದಿಲ್ಲ.

2023ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ತೆಗೆದಿದ್ದಾರೆ ಎಂದು ಪೊಲೀಸರು ಹೇಳಿದ್ದರು. ದಾರಿ ಎಇಪಿಎಸ್. ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ಕೊಡುತ್ತಾರಲ್ಲ, ಅದೇ ವ್ಯವಸ್ಥೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಒಟಿಪಿ ಬೇಡ, ಎಟಿಎಂ ಕಾರ್ಡ್ ಬೇಡ. ಬ್ಯಾಂಕಿಗೆ ಹೋಗಲಾಗದ ಅಜ್ಜಿಯರಿಗೆ ಇದು ದೊಡ್ಡ ಅನುಕೂಲವೇ. ಆದರೆ ಪಿನ್ ಕದ್ದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸೋಕಾಗುತ್ತಾ?

ಹಾಗಾಗಿ ಮನೆಯವರೆಲ್ಲರ ಬಯೋಮೆಟ್ರಿಕ್ ಲಾಕ್ ಮಾಡಿಬಿಟ್ಟಿದ್ದೇನೆ. ಆಧಾರ್ ಪ್ರಾಧಿಕಾರದ ಮೈಆಧಾರ್ ವೆಬ್‌ಸೈಟಿನಲ್ಲಿ ಇದು ಉಚಿತ. ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಗೆ ಹೋದರೆ ಲಾಕ್, ಅನ್‌ಲಾಕ್ ಎರಡೂ ಅಲ್ಲೇ ಇವೆ. ಲಾಕ್ ಆದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಯಾವುದರಿಂದಲೂ ದೃಢೀಕರಣ ಆಗುವುದಿಲ್ಲ. ಒಟಿಪಿಯಿಂದ ಆಗುವ ಕೆಲಸಗಳು ಎಂದಿನಂತೆ ನಡೆಯುತ್ತವೆ.

ತೊಂದರೆ ಇರುವುದು ರೇಷನ್ ತರುವ ದಿನ. ಲಾಕ್ ಆಗಿರುವುದರಿಂದ ನಮ್ಮ ಅತ್ತೆ ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪುವುದಿಲ್ಲ. ಬೆರಳು ಸವೆದಿದೆ ಅಂತ ನ್ಯಾಯಬೆಲೆ ಅಂಗಡಿಯವರು ಮತ್ತೆ ಮತ್ತೆ ಒತ್ತಿಸುತ್ತಾರೆ, ಪಾಪ. ಅದಕ್ಕೆ ನಾನು ಜೊತೆಗೇ ಹೋಗುತ್ತೇನೆ. ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿದರೆ ಹತ್ತು ನಿಮಿಷ ತೆರೆದಿರುತ್ತದೆ, ಆಮೇಲೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಾಲಿನಲ್ಲಿ ನಮ್ಮ ಮುಂದೆ ಒಬ್ಬಿಬ್ಬರು ಉಳಿದಾಗ ತೆರೆದರೆ ಸರಿಹೋಗುತ್ತದೆ. ಮನೆಯಿಂದಲೇ ತೆರೆದು ಹೊರಟರೆ ಸುಮ್ನೆ ವ್ಯರ್ಥ.

ನನಗೆ ನಿಜಕ್ಕೂ ಬೇಸರ ತರುವುದು ಬೇರೆ. ಇದೆಲ್ಲಕ್ಕೂ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಪಿಂಚಣಿ, ಗೃಹಲಕ್ಷ್ಮಿ ಹಣ ಖಾತೆಗೆ ಬೀಳುವ ಎಷ್ಟೋ ಹೆಂಗಸರ ಆಧಾರ್‌ಗೆ ಯಾವಾಗಲೋ ಬಿಟ್ಟ ಸಿಮ್ಮಿನ ನಂಬರೇ ಇದೆ. ಕೆಲವರದ್ದಕ್ಕೆ ನಂಬರೇ ಇಲ್ಲ. ಹೆಬ್ಬೆಟ್ಟಿನ ಮೇಲೆ ಜಾಸ್ತಿ ಅವಲಂಬಿಸಿರುವವರು ಅವರೇ. ಬೀಗ ಎಲ್ಲರಿಗಿಂತ ಮೊದಲು ಸಿಗಬೇಕಾದದ್ದೂ ಅವರಿಗೇ ಅಲ್ವಾ? ಅಂಗಡಿಗೆ ಬಂದವರಿಗೆ ನಾನು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಸರಿಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇನೆ.

ಅದೇ ವೆಬ್‌ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಕೂಡ ಸಿಗುತ್ತದೆ. ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಲಾಡ್ಜು, ಪಿಜಿಗಳಿಗೆ ಕೊಡಲು ಇದು ಬೇಕಾದಷ್ಟಾಯಿತು. ಆದರೆ ಕೌಂಟರಿನಲ್ಲಿ ಕೂತವರು "ಪೂರ್ತಿ ನಂಬರ್ ಇರೋದು ಕೊಡಿ" ಅಂತ ವಾಪಸ್ ಕಳಿಸುತ್ತಾರೆ. ಇದಕ್ಕೆ ಅವರನ್ನಷ್ಟೇ ದೂರಲಾರೆ. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಆಧಾರ್ ನಕಲು ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯಬಹುದು ಎಂದು ಎರಡೇ ದಿನಕ್ಕೆ ಅದನ್ನು ಹಿಂಪಡೆದರು. ಒಳ್ಳೆಯ ಸಲಹೆ ಅದು, ಗಟ್ಟಿಯಾಗಿ ನಿಲ್ಲಬೇಕಿತ್ತು.

ಡೌನ್‌ಲೋಡ್ ಆಗುವ ಪಿಡಿಎಫ್‌ನ ಪಾಸ್‌ವರ್ಡ್ ಕೂಡ ನನಗೆ ಹಿಡಿಸಲಿಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ, ಅಷ್ಟೇ. ನಿಮ್ಮನ್ನು ಬಲ್ಲವರು ಯಾರು ಬೇಕಾದರೂ ಊಹಿಸಬಹುದು. ಆದ್ದರಿಂದ ಆ ಫೈಲನ್ನು ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಬಿಟ್ಟು ಬರಬೇಡಿ. ನಮ್ಮಂಥ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸಿದರೆ, ಪ್ರಿಂಟ್ ಆದ ಮೇಲೆ ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ. ಬೇಜಾರು ಮಾಡಿಕೊಳ್ಳುವ ಅಂಗಡಿಯವರಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಲಾಕ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಅಂಕ ಮೊಬೈಲ್ ನಂಬರ್ ಇಲ್ಲದವರ ಲೆಕ್ಕದ್ದು. ಒಳಗೆ ಹೋದಾಗ ದೃಢೀಕರಣದ ಇತಿಹಾಸವನ್ನೂ ತೆರೆದು ನೋಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ದಿನಾಂಕದ ಸಮೇತ ಇರುತ್ತದೆ. ನೀವು ಹೋಗದ ಕಡೆ ನಿಮ್ಮ ಬೆರಳು ಹೋಗಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ತಿಳಿಸಿ. ಖಾತೆಯಿಂದ ಹಣವೂ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ತಕ್ಷಣ ಬ್ಯಾಂಕಿಗೆ.