ಸರ್‌ಚಾರ್ಜ್ ಕಟ್ಟಿದ ಕೂಡಲೇ ಸ್ಪೆಷಲಿಸ್ಟ್ ಸಿಗುತ್ತಾರೆ ಅಂದರೆ ನಂಬಬೇಡಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಇಂಗ್ಲೆಂಡಿಗೆ ಹೊರಟವರಲ್ಲಿ ಯಾರಿಗಾದರೂ ಸಂಧಿವಾತ, ಸೋರಿಯಾಸಿಸ್, ಲೂಪಸ್ ಥರ ವರ್ಷಗಟ್ಟಲೆ ಮಾತ್ರೆ ನುಂಗುವ ಕಾಯಿಲೆ ಇದ್ದರೆ ಸೂಟ್‌ಕೇಸ್ ತುಂಬುವ ಮುಂಚೆ ಇದನ್ನು ಓದಿ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಗಂಡನ ಕೆಲಸದ ವೀಸಾ ಜೊತೆ ನಾನೂ ಬಂದೆ.

ಹಾಸನದ ವೀಸಾ ಏಜೆಂಟ್‌ಗೆ ಕಾಯಿಲೆ ವಿಷಯ ಮೊದಲೇ ಹೇಳಿದ್ದೆವು. "ಹೆಲ್ತ್ ಸರ್‌ಚಾರ್ಜ್ ಕಟ್ತೀರಲ್ಲ ಮೇಡಂ, ಅಲ್ಲಿಗೆ ಹೋಗಿ ಒಂದೇ ವಾರದಲ್ಲಿ ಸ್ಪೆಷಲಿಸ್ಟ್ ನೋಡ್ತಾರೆ. ಮಾತ್ರೆ ಜಾಸ್ತಿ ಹೊತ್ಕೊಂಡು ಹೋಗ್ಬೇಡಿ, ಕಸ್ಟಮ್ಸ್‌ನವರು ತೊಂದ್ರೆ ಕೊಡ್ತಾರೆ" ಅಂದರು. ಎರಡೂ ಸುಳ್ಳು. ಆ ಸರ್‌ಚಾರ್ಜ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಬಳಸೋಕೆ ವೀಸಾ ಜೊತೆ ಕಟ್ಟುವ ಶುಲ್ಕ. ಅದೇನು ಕಮ್ಮಿಯಲ್ಲ, 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವೀಸಾ ಎಷ್ಟು ವರ್ಷಕ್ಕೋ ಅಷ್ಟನ್ನೂ ಮೊದಲೇ ಕಟ್ಟಬೇಕು. ಮೂರು ವರ್ಷಕ್ಕೆ ಒಬ್ಬರಿಗೇ ಮೂರು ಲಕ್ಷ ರೂಪಾಯಿ ದಾಟುತ್ತದೆ. ಅಷ್ಟು ಕಟ್ಟಿದರೆ ಸಿಗುವುದು ಕ್ಯೂನಲ್ಲಿ ಒಂದು ಜಾಗ, ಅಷ್ಟೇ.

ಊರಲ್ಲಾದರೆ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿನ ಡಾಕ್ಟರನ್ನು ನೋಡಿ ರಾತ್ರಿ ಮನೆಗೆ ಬರುತ್ತಿದ್ದೆ. ಇಲ್ಲಿ ನೇರವಾಗಿ ಸ್ಪೆಷಲಿಸ್ಟ್ ಹತ್ತಿರ ಹೋಗೋ ಹಾಗಿಲ್ಲ. ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಕಾಯಿಲೆ ನೋಡುವ ಡಾಕ್ಟರ್, ಕ್ಲಿನಿಕ್‌ನಲ್ಲಿ ಹೆಸರು ಬರೆಸಬೇಕು. ಅಲ್ಲಿ ರಿಸೆಪ್ಷನ್‌ನವರು ಕರೆಂಟ್ ಬಿಲ್ ತನ್ನಿ ಅಂತ ವಾಪಸ್ ಕಳಿಸಿದರು. ಮೊನ್ನೆ ಮೊನ್ನೆ ಬಂದಿಳಿದವರ ಹತ್ತಿರ ಕರೆಂಟ್ ಬಿಲ್ ಎಲ್ಲಿರುತ್ತದೆ? ಅಡ್ರೆಸ್ ಪ್ರೂಫ್ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು ಅಂತ ಎನ್‌ಎಚ್‌ಎಸ್ ತಾನೇ ಹೇಳುತ್ತದೆ. ಆ ಪುಟವನ್ನು ಫೋನಲ್ಲಿ ತೋರಿಸಿದ ಮೇಲೆ ಫಾರಂ ಕೊಟ್ಟರು.

ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ನನ್ನ ಚೀಟಿಯಲ್ಲಿ ಇದ್ದದ್ದು ಫಾಲಿಟ್ರಾಕ್ಸ್, ಎಚ್‌ಸಿಕ್ಯೂಎಸ್ ಅನ್ನೋ ನಮ್ಮ ಕಡೆಯ ಬ್ರ್ಯಾಂಡ್ ಹೆಸರು. ಜಿಪಿಗೆ ತಲೆಬುಡ ತಿಳಿಯಲಿಲ್ಲ. ಫಾಲಿಟ್ರಾಕ್ಸ್‌ನ ಮೂಲ ಹೆಸರು ಮೆಥೋಟ್ರೆಕ್ಸೇಟ್ ಅಂದ ತಕ್ಷಣ ಪೆನ್ನು ಕೆಳಗಿಟ್ಟರು. ಅದು ವಾರಕ್ಕೊಮ್ಮೆ ತಗೊಳ್ಳೋ ಮಾತ್ರೆ, ತಪ್ಪಿ ದಿನಾ ತಗೊಂಡರೆ ಪ್ರಾಣಕ್ಕೇ ಕುತ್ತು, ಲಿವರ್‌ಗೂ ರಕ್ತಕಣಕ್ಕೂ ಪೆಟ್ಟು ಬೀಳಬಹುದು ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಹಾಗಾಗಿ ಆಸ್ಪತ್ರೆಯ ರುಮಟಾಲಜಿಸ್ಟ್ (ಸಂಧಿವಾತದ ಸ್ಪೆಷಲಿಸ್ಟ್) ಶುರುಮಾಡಿ, ಇನ್ನು ಮುಂದೆ ನೀವು ಬರೆದುಕೊಡಿ ಅಂತ ಜಿಪಿಗೆ ಪತ್ರ ಕಳಿಸಬೇಕು. ಇದಕ್ಕೆ ಶೇರ್ಡ್ ಕೇರ್ ಅನ್ನುತ್ತಾರೆ. ಆ ಪತ್ರ ಇಲ್ಲದೆ ಬರೆಯಲ್ಲ ಅಂದರು. ನೋವಿಗೆ ಸ್ವಲ್ಪ ದಿನದ ಸ್ಟೀರಾಯ್ಡ್ ಕೊಟ್ಟು, ಆಸ್ಪತ್ರೆಗೆ ರೆಫರ್ ಮಾಡಿ ಕಳಿಸಿದರು.

ರೆಫರ್ ಮಾಡಿದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಇಲ್ಲಿನ ಎನ್‌ಎಚ್‌ಎಸ್ ಗುರಿ. 2016ರಿಂದ ಈಚೆಗೆ ಆ ಗುರಿ ಮುಟ್ಟೇ ಇಲ್ಲ. ಅಷ್ಟರಲ್ಲಿ ನನ್ನ ಮಾತ್ರೆ ಮುಗಿದು ಬೆರಳು ಊದಿ, ಚಪಾತಿ ಹಿಟ್ಟು ನಾದೋದಿರಲಿ, ಅಂಗಿ ಗುಂಡಿ ಹಾಕೋಕೂ ಗಂಡನೇ ಬೇಕಾಯಿತು. ಕೊನೆಗೆ ಪ್ರೈವೇಟ್‌ನಲ್ಲಿ ಇನ್ನೂರು ಪೌಂಡ್‌ಗೂ ಜಾಸ್ತಿ ಕೊಟ್ಟು ತೋರಿಸಿದೆವು, ಮಾತ್ರೆಗೂ ಪೂರ್ತಿ ದುಡ್ಡು. ಪ್ರೈವೇಟ್ ಡಾಕ್ಟರ್ ಪತ್ರವನ್ನು ಜಿಪಿ ಒಪ್ಪಲೇಬೇಕು ಅಂತೇನೂ ಇಲ್ಲ, ನಮ್ಮವರು ಒಪ್ಪಲಿಲ್ಲ. ಬಯಾಲಜಿಕ್ ಇಂಜೆಕ್ಷನ್ (ಮಾತ್ರೆಗೆ ಕಾಯಿಲೆ ಬಗ್ಗದಾಗ ಕೊಡುವ ಮದ್ದು) ತಗೊಳ್ಳೋರಿಗೆ ಇನ್ನೂ ಕಷ್ಟ, ಅದನ್ನು ಜಿಪಿ ಬರೆಯೋದೇ ಇಲ್ಲ.

ಏಜೆಂಟ್‌ಗೆ ಫೋನ್ ಮಾಡಿದರೆ "ನಮ್ದು ವೀಸಾ ಕೆಲಸ ಮಾತ್ರ ಮೇಡಂ" ಅಂದರು. ಈಗ ಫೋನೇ ಎತ್ತಲ್ಲ.

ಹೊರಡೋ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್ ಪತ್ರ ಬರೆಸಿಕೊಳ್ಳಿ. ಕಾಯಿಲೆ ಹೆಸರು, ಯಾವಾಗಿನಿಂದ ಇದೆ, ಮದ್ದಿನ ಮೂಲ ಹೆಸರು, ಡೋಸು, ಹಿಂದೆ ಯಾವ ಮದ್ದು ಹಿಡಿಸಲಿಲ್ಲ, ಎಲ್ಲ ಇರಲಿ. ಈಚಿನ ರಕ್ತ ಪರೀಕ್ಷೆ ರಿಪೋರ್ಟೂ ಇರಲಿ. ಮೂರು ತಿಂಗಳ ಮಾತ್ರೆಯನ್ನು ಆ ಪತ್ರದ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ವೀಸಾಗೆ ಮಾಡಿಸಿದ ಟಿಬಿ ಪರೀಕ್ಷೆಯ ಕಾಗದ ಬಿಸಾಡಬೇಡಿ, ಬಯಾಲಜಿಕ್ ಶುರುಮಾಡುವ ಮುಂಚೆ ಟಿಬಿ ವಿಷಯ ಕೇಳೇ ಕೇಳುತ್ತಾರೆ.

ಎಲ್ಲಾ ಫ್ರೀ ಅನ್ನೋದೂ ಪೂರ್ತಿ ನಿಜವಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಮದ್ದಿಗೆ ದುಡ್ಡಿಲ್ಲ, ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಿಂದ ಒಂದೊಂದು ಮದ್ದಿಗೂ 9.90 ಪೌಂಡ್. ಇನ್ಸುಲಿನ್ ಅಥವಾ ಥೈರಾಕ್ಸಿನ್ ತಗೊಳ್ಳೋರು ಜಿಪಿ ಹತ್ತಿರ ವಿನಾಯಿತಿ ಫಾರಂ ಕೇಳಿ. ಸಂಧಿವಾತಕ್ಕೆ ಆ ವಿನಾಯಿತಿ ಇಲ್ಲ. ತಿಂಗಳಿಗೆ ಎರಡು ಮೂರು ಮದ್ದು ಇರೋರು ವರ್ಷಕ್ಕೆ ಒಟ್ಟಿಗೆ ಕಟ್ಟುವ ಪ್ರೀಪೇಮೆಂಟ್ ಸರ್ಟಿಫಿಕೇಟ್ ತಗೊಂಡರೆ ಕಮ್ಮಿ ಬೀಳುತ್ತದೆ.