ಯಿ ಜಿಂಗ್ ಕೇಳೋಕೆ 30 ಸೆಂಟ್ ಸಾಕು: ನಾಣ್ಯ, ಕಡ್ಡಿ, ಆ್ಯಪ್ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಯಿ ಜಿಂಗ್ ಅಂದರೆ ಪ್ರಶ್ನೆ ಕೇಳಿ ಉತ್ತರ ಹುಡುಕುವ ಹಳೇ ಚೀನೀ ಗ್ರಂಥ. ಅದರ ಮುಂದೆ ಪ್ರಶ್ನೆ ಇಡೋಕೆ ನನ್ನ ಓಟು ಸಿಂಗಾಪುರದ ಮಾಮೂಲಿ 10 ಸೆಂಟ್ ನಾಣ್ಯಗಳಿಗೆ. ಮೂರು ಇದ್ದರೆ ಆಯ್ತು. ಅದು ಖರ್ಚೂ ಅಲ್ಲ, ಬೇಕಾದಾಗ ಜೇಬಿಗೆ ವಾಪಸ್. ಈ ತೀರ್ಮಾನಕ್ಕೆ ಬರುವ ಮೊದಲು ಕೆಂಪು ದಾರ ಕಟ್ಟಿದ ‘ಹಳೇ ಚೀನಾ ನಾಣ್ಯ’, ‘ಯಾರೋ’ (yarrow) ಅನ್ನೋ ಗಿಡದ ಕಡ್ಡಿಗಳ ಕಟ್ಟು, ಫೋನಿನ ಆ್ಯಪ್, ಗುಡಿಯ ಬಿದಿರು ಕಡ್ಡಿ ಎಲ್ಲವನ್ನೂ ಬಳಸಿ ನೋಡಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ: ನಾಣ್ಯದ ಒಂದು ಮುಖಕ್ಕೆ 3, ಇನ್ನೊಂದಕ್ಕೆ 2. ಮೂರನ್ನೂ ಒಟ್ಟಿಗೆ ಹಾಕಿ ಕೂಡಿದರೆ 6, 7, 8 ಅಥವಾ 9 ಬರುತ್ತದೆ. 7 ಮತ್ತು 9 ಇಡೀ ಗೆರೆ, 6 ಮತ್ತು 8 ತುಂಡು ಗೆರೆ. ಅದರಲ್ಲೂ 6 ಮತ್ತು 9 ಬಂದರೆ ಬದಲಾಗುವ ಗೆರೆ: ತುಂಡು ಇಡಿಯಾಗಿ, ಇಡೀ ತುಂಡಾಗಿ ಇನ್ನೊಂದು ಆಕೃತಿ ಬರುತ್ತದೆ. ಹೀಗೆ ಆರು ಸಲ ಹಾಕಿ, ಕೆಳಗಿನಿಂದ ಮೇಲಕ್ಕೆ ಗೆರೆ ಎಳೆಯಬೇಕು. ಒಟ್ಟು 64 ಆಕೃತಿಗಳು, ಒಂದೊಂದಕ್ಕೂ ಗ್ರಂಥದಲ್ಲಿ ಒಂದು ಮಾತು, ಅದರ ಒಂದೊಂದು ಗೆರೆಗೂ ಒಂದು.

ಈಗ ದಾರ ಕಟ್ಟಿದ ನಾಣ್ಯಗಳ ಕಥೆ. ಸಿಂಗಾಪುರದ ವಾಟರ್‌ಲೂ ಸ್ಟ್ರೀಟ್ ಕಡೆಯ ಒಂದು ಅಂಗಡಿಯಲ್ಲಿ ತಗೊಂಡೆ. ನಡುವೆ ಚೌಕದ ತೂತು, ಹಿತ್ತಾಳೆ ಬಣ್ಣ, ಒಂದು ಕಡೆ ನಾಲ್ಕು ದೊಡ್ಡ ಚೀನೀ ಅಕ್ಷರ: ಚಿಯನ್‌ಲಾಂಗ್ ಚಕ್ರವರ್ತಿಯ ಕಾಲದ್ದು ಅಂತ ಅರ್ಥ. ಆತ ಪಟ್ಟದಲ್ಲಿದ್ದದ್ದು 1735ರಿಂದ 1796ರವರೆಗೆ. ನನ್ನ ನಾಣ್ಯ ಹೆಚ್ಚೆಂದರೆ ಹೋದ ವರ್ಷದ್ದು. ಅದು ನನಗೆ ತೊಂದರೆಯಲ್ಲ, ಹಳೆಯದೇ ಬೇಕು ಅನ್ನೋ ಹಟ ನನಗಿಲ್ಲ. ಅಂಚು ಚೂಪು, ಅಂಗೈಗೆ ಚುಚ್ಚುತ್ತದೆ. ಅದನ್ನೂ ಬಿಡಿ.

ತಲೆನೋವು ಶುರುವಾದದ್ದು 3 ಯಾವ ಕಡೆ, 2 ಯಾವ ಕಡೆ ಅನ್ನೋದರಲ್ಲಿ. ಯಿ ಜಿಂಗನ್ನು ಜರ್ಮನ್‌ಗೆ ತಂದ ರಿಚರ್ಡ್ ವಿಲ್‌ಹೆಲ್ಮ್ ಅವರ ಅನುವಾದ ಹೇಳೋದು ಅಕ್ಷರ ಇರುವ ಮುಖಕ್ಕೆ 2, ಹಿಂಬದಿಗೆ 3 ಅಂತ. ಸರಿ, ತಿರುಗಿಸಿ ನೋಡಿದೆ. ಹಿಂಬದಿಯಲ್ಲೂ ಅಕ್ಷರ! ತೂತಿನ ಆಚೆಗೊಂದು ಈಚೆಗೊಂದು, ಉದ್ದುದ್ದಕ್ಕೆ ಇಳಿಬಿದ್ದ ಎರಡು ಗೀಚು. ಅದು ಮಂಚು ಲಿಪಿ, ಟಂಕಸಾಲೆಯ ಹೆಸರು. ಚಿಯನ್‌ಲಾಂಗ್‌ನ ಚಿಂಗ್ ರಾಜಮನೆತನದವರು ಮಂಚು ಜನಾಂಗದವರು, ಅದಕ್ಕೇ ಅವರ ನಾಣ್ಯದಲ್ಲಿ ಎರಡೂ ಲಿಪಿ. ಇತ್ತ ಆ್ಯಪ್‌ಗಳು, ಹೊಸ ಕೈಪಿಡಿಗಳು ‘ಹೆಡ್ಸ್ ಬಿದ್ದರೆ 3’ ಅನ್ನುತ್ತವೆ. ನಾಲ್ಕಕ್ಷರದ ಕಡೆಯೇ ಹೆಡ್ಸ್ ಅಂದುಕೊಂಡರೆ ವಿಲ್‌ಹೆಲ್ಮ್ ಹೇಳಿದ್ದಕ್ಕೆ ಪೂರಾ ಉಲ್ಟಾ. ಅಂಗಡಿಯ ಆಂಟಿಯನ್ನು ಕೇಳಿದರೆ, ‘ಯಾವುದಾದರೂ ಆಗುತ್ತೆ, ನಿಮ್ಮಿಷ್ಟ’ ಅಂದರು.

ಯಾವುದಾದರೂ ಆಗುವ ಹಾಗಿದ್ದರೆ ಇಷ್ಟು ಬರೆಯುತ್ತಲೇ ಇರಲಿಲ್ಲ. ಬಾಡಿಗೆ ಮನೆಯ ಕರಾರು ಮುಂದುವರಿಸಲಾ ಬೇಡವಾ ಅಂತ ಕೇಳಿ ಹಾಕಿದ್ದೆ. ಮಂಚು ಕಡೆಗೆ 3 ಅಂತ ಲೆಕ್ಕ ಹಾಕಿದರೆ 7, 7, 9, 8, 8, 8. ಕೆಳಗೆ ಮೂರು ಇಡೀ ಗೆರೆ ಆಕಾಶ, ಮೇಲೆ ಮೂರು ತುಂಡು ಗೆರೆ ಭೂಮಿ. ಇದು 11ನೆಯ ಆಕೃತಿ ‘ತೈ’, ಅಂದರೆ ಶಾಂತಿ. ಆಕಾಶ ಮೇಲೇರುತ್ತದೆ, ಭೂಮಿ ಕೆಳಗಿಳಿಯುತ್ತದೆ, ನಡುವೆ ಎರಡೂ ಸೇರುತ್ತವೆ, ಹಾಗಾಗಿ ಶುಭ. ಮೂರನೆಯ ಗೆರೆಯ ಮಾತೂ ಚೆನ್ನ: ಇಳಿಜಾರಿಲ್ಲದ ಬಯಲಿಲ್ಲ, ಮರಳಿ ಬಾರದ ಹೋಗುವಿಕೆ ಇಲ್ಲ. ಈಗ ಅದೇ ನಾಣ್ಯಗಳನ್ನು ಮುಟ್ಟದೆ ಬರೀ ಲೆಕ್ಕ ತಿರುಗಿಸಿ. 8, 8, 6, 7, 7, 7. 12ನೆಯ ಆಕೃತಿ ‘ಪಿ’: ಎಲ್ಲ ಕಟ್ಟಿಹೋಗಿದೆ, ಮೇಲಿನದು ಮೇಲೇ, ಕೆಳಗಿನದು ಕೆಳಗೇ. ಮೂರನೆಯ ಗೆರೆ ಒಳಗೊಳಗೇ ನಾಚಿಕೆ ಹೊತ್ತುಕೊಂಡಿರುವುದರ ಬಗ್ಗೆ. ಮೇಜಿನ ಮೇಲಿನ ನಾಣ್ಯ ಒಂದೂ ಅಲುಗಿಲ್ಲ, ಉತ್ತರ ಮಾತ್ರ ಶಾಂತಿಯಿಂದ ನಾಚಿಕೆಗೆ ಬಂತು. ಕೈಯಲ್ಲಿ ಕರಾರು ಪತ್ರ ಹಿಡಿದು ಕೂತವನಿಗೆ ಹೇಗಾಗಬೇಡ?

ಮಂಚು ಕಡೆಗೇ 3 ಕೊಡೋದು ನನಗೆ ಸರಿ ಕಾಣುತ್ತದೆ. ಅದಕ್ಕೂ ಹಿಂದಿನ ಸಾಂಗ್ ಕಾಲದ ನಾಣ್ಯಗಳಲ್ಲಿ ಹಿಂಬದಿ ಬಹುಪಾಲು ಖಾಲಿ, ಅಕ್ಷರ ಒಂದೇ ಕಡೆ. ನಿಯಮ ಅಂಥ ನಾಣ್ಯಕ್ಕೆ ಸಲೀಸಾಗಿ ಹೊಂದುತ್ತದೆ. ಆದರೂ ದಾರ ಕಟ್ಟಿದ್ದನ್ನು ಕೈಗೆತ್ತಿಕೊಂಡಾಗಲೆಲ್ಲ ಅದೇ ಅನುಮಾನ ತಲೆಯಲ್ಲಿ ಕೂರುತ್ತದೆ. ಪ್ರಶ್ನೆಯ ಮೇಲೆ ಇರಬೇಕಾದ ಗಮನ ನಾಣ್ಯದ ಮೇಲೆ ಹೋದರೆ ಏನು ಪ್ರಯೋಜನ?

10 ಸೆಂಟಿನಲ್ಲಿ ಈ ರಗಳೆಯೇ ಇಲ್ಲ. 2013ರ ಸರಣಿಯದಾದರೆ ಒಂದು ಕಡೆ ಸಿಂಹ-ಹುಲಿಗಳ ಲಾಂಛನ, ಸುತ್ತ ನಾಲ್ಕು ಭಾಷೆಗಳಲ್ಲಿ ದೇಶದ ಹೆಸರು. ಇನ್ನೊಂದು ಕಡೆ ಸರ್ಕಾರಿ ಫ್ಲ್ಯಾಟುಗಳ ಚಿತ್ರ. ಲಾಂಛನಕ್ಕೆ 2, ಫ್ಲ್ಯಾಟಿಗೆ 3. ಒಂದು ಚೀಟಿಯಲ್ಲಿ ಬರೆದು ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದೇನೆ. ಈ ನಾಣ್ಯಕ್ಕೆ ಹಳೇ ನಿಯಮ ಅಂತ ಯಾವುದೂ ಇಲ್ಲವಲ್ಲ, ನಾನು ಹೇಳಿದ್ದೇ ನಿಯಮ. ಮನೆಯ ವಿಷಯ ಕೇಳುವಾಗ ಫ್ಲ್ಯಾಟ್ ಚಿತ್ರ ಬೀಳೋದು ಸುಮ್ನೆ ಒಂದು ಖುಷಿ.

ಗಿಡದ ಕಡ್ಡಿಗಳ ವಿಷಯ ಬೇರೆ. 50 ಕಡ್ಡಿ, ಅದರಲ್ಲಿ ಒಂದನ್ನು ಪಕ್ಕಕ್ಕಿಟ್ಟು 49ರಲ್ಲಿ ಕೆಲಸ. ಎರಡು ಭಾಗ ಮಾಡು, ಬಲಗಡೆಯ ರಾಶಿಯಿಂದ ಒಂದನ್ನು ಎಡಗೈ ಕಿರುಬೆರಳ ಸಂದಿಗೆ ಸಿಕ್ಕಿಸು, ನಾಲ್ಕು ನಾಲ್ಕಾಗಿ ಎಣಿಸು, ಉಳಿದದ್ದು ಪಕ್ಕಕ್ಕೆ. ಒಂದು ಗೆರೆಗೆ ಹೀಗೆ ಮೂರು ಸಲ, ಆರು ಗೆರೆಗೆ 18 ಸಲ. 12ನೆಯ ಶತಮಾನದಲ್ಲಿ ಝು ಶಿ ಎಂಬ ಪಂಡಿತರು ಒಂದು ಕ್ರಮಕ್ಕೆ ತಂದಿಟ್ಟ ವಿಧಾನ ಇದು. ಕಡ್ಡಿಯೇ ನಿಜವಾದದ್ದು, ನಾಣ್ಯ ಅಡ್ಡದಾರಿ ಅನ್ನುವವರು ಹೇಳುವ ಲೆಕ್ಕದಲ್ಲೂ ಹುರುಳಿದೆ. ನಾಣ್ಯದಲ್ಲಿ 6 ಮತ್ತು 9 ಬರುವ ಸಾಧ್ಯತೆ ಸಮ, ಎರಡಕ್ಕೂ ಎಂಟರಲ್ಲಿ ಒಂದು ಪಾಲು. ಕಡ್ಡಿಯಲ್ಲಿ 9ಕ್ಕೆ ಹದಿನಾರರಲ್ಲಿ ಮೂರು, 6ಕ್ಕೆ ಒಂದೇ. ಎರಡೂ ಕೂಡಿದರೆ ಮಾತ್ರ ಎರಡು ವಿಧಾನದಲ್ಲೂ ನಾಲ್ಕರಲ್ಲಿ ಒಂದು. ನನಗೆ ಅಷ್ಟು ಸಾಕು. ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದು ಕೂತರೆ ನಾಲ್ಕನೆಯ ಗೆರೆಯ ಹೊತ್ತಿಗೆ ಎಣಿಕೆ ತಪ್ಪುತ್ತದೆ. ಭಾನುವಾರ ಬೆಳಗ್ಗೆ ಪುರುಸೊತ್ತು ಇರುವವರಿಗೆ ಇದೇ ಚೆಂದ, ಅಲ್ವಾ ಅಂದರೆ ಹೌದು.

ಆ್ಯಪ್: ಬೇಡ. ಉತ್ತರ ಹಿಡಿಸದಿದ್ದರೆ ಬೆರಳು ತಾನಾಗಿ ಮತ್ತೆ ಒತ್ತುತ್ತದೆ. ಗ್ರಂಥದ 4ನೆಯ ಆಕೃತಿ ‘ಮಂಗ್’ ಇದನ್ನೇ ಬೈಯುತ್ತದೆ: ಮೊದಲ ಸಲ ಕೇಳಿದರೆ ಹೇಳುತ್ತೇನೆ, ಎರಡು ಮೂರು ಸಲ ಕೇಳಿ ಪೀಡಿಸಿದರೆ ಹೇಳುವುದಿಲ್ಲ. ನಾಣ್ಯವನ್ನು ಮತ್ತೆ ಆರು ಸಲ ಹಾಕಿ ಬರೆಯೋಕೆ ಸೋಮಾರಿತನ ಬರುತ್ತದಲ್ಲ, ಅದೇ ಒಳ್ಳೆಯದು.

ವಾಟರ್‌ಲೂ ಸ್ಟ್ರೀಟಿನ ಕ್ವಾನ್ ಇಮ್ ಎಂಬ ಕರುಣೆಯ ದೇವಿಯ ಗುಡಿಯ ಬಿದಿರು ಕಡ್ಡಿ ಯಿ ಜಿಂಗ್ ಅಲ್ಲ, ಆದರೂ ಸೇರಿಸುತ್ತೇನೆ. ಮಂಡಿಯೂರಿ ಡಬ್ಬಿ ಅಲುಗಿಸಬೇಕು, ಒಂದು ಕಡ್ಡಿ ಹೊರಗೆ ಬೀಳುತ್ತದೆ. ಅದೇ ಉತ್ತರವೋ ಅಂತ ಎರಡು ಕೆಂಪು ಮರದ ತುಂಡು ಹಾಕಿ ಕೇಳಬೇಕು: ಒಂದು ಬೋರಲು, ಒಂದು ಅಂಗಾತ ಬಿದ್ದರೆ ಹೌದು. ದೇವರ ಮುಂದೆ ಹೂವಿನ ಪ್ರಸಾದ ಕೇಳಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಪಕ್ಕದಲ್ಲೇ ಶ್ರೀ ಕೃಷ್ಣನ್ ದೇವಸ್ಥಾನ, ಚೀನೀ ಭಕ್ತರು ಅಲ್ಲೂ ಊದುಬತ್ತಿ ಹಚ್ಚಿ ಕೈಮುಗಿದು ಹೋಗುತ್ತಾರೆ. ಆದರೆ ಸಿಗುವುದು ಚೀಟಿಯಲ್ಲಿ ಪುಟ್ಟ ಪದ್ಯ. ನನಗೆ ಒಂದು ಆಕೃತಿ ಇನ್ನೊಂದಾಗಿ ಬದಲಾಗೋದನ್ನು ನೋಡುತ್ತಾ ಕೂರುವುದು ಇಷ್ಟ. ಮೇಲಿನ ‘ತೈ’ಯ 9 ಬದಲಾದರೆ 19ನೆಯ ‘ಲಿನ್’, ಅಂದರೆ ಹತ್ತಿರ ಬರುವಿಕೆ. ಇದು ಚೀಟಿಯಲ್ಲಿ ಇರುವುದಿಲ್ಲ.

ನಾಳೆ ಏನಾಗುತ್ತದೆ ಅಂತ ತಿಳಿಯೋಕೆ ನಾನು ಇದನ್ನು ಬಳಸುವುದಿಲ್ಲ. ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಸರಿಯಾಗಿ ಬರೆದು, ಹತ್ತು ನಿಮಿಷ ಅದರ ಜೊತೆ ಕೂರೋಕೆ ಒಂದು ನೆಪ. ಅದಕ್ಕೆ ಜಾಸ್ತಿ ದುಡ್ಡು ಹಾಕೋದು ಬೇಡ, ಉಳಿದದ್ದನ್ನು ಒಳ್ಳೆಯ ಅನುವಾದದ ಮೇಲೆ ಹಾಕಿ. ತೂತಿನ ನಾಣ್ಯವೇ ಬೇಕು ಅನ್ನುವವರು ದಾರ ಬಿಚ್ಚಿಸಿ, ತಿರುಗಿಸಿ, ಹಿಂಬದಿ ಖಾಲಿ ಇರುವುದನ್ನೇ ಆರಿಸಿಕೊಳ್ಳಿ.